ಒಡೆದ ಬೆಟ್ಟಕ್ಕೆ ಸಂಜೆಯ ಬಣ್ಣ

ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನೆಲ್ಲ ಓದಿ ನಾನೊಬ್ಬಳು ದೊಡ್ಡ ಮನಸ್ಸಿನವಳು ಎಂದು ಯಾರಾದರೂ ಅಂದುಕೊಂಡರೆ ಅದು ಅವರ ತಪ್ಪು. ನಮ್ಮೂರಿನ ಬೆಟ್ಟವನ್ನು ಒಡೆದು ಜಲ್ಲಿ ಮಾಡಿ ಮಾರಿದವನು ಅವನು. ಬಿಳಿಗೆರೆ ಕಡೆಯ ನಮ್ಮ ಊರಿನ ಹಿಂದುಗಡೆ, ಸೂರ್ಯ ಮುಳುಗುವ ದಿಕ್ಕಿಗೆ, ಆ ಬೆಟ್ಟ ಇತ್ತು. ಬೇರೆ ಸೀಮೆಯವರು ನೋಡಿದರೆ ಅದನ್ನು ಗುಡ್ಡ ಎನ್ನುತ್ತಿದ್ದರೋ ಏನೋ, ನಮಗೆ ಮಾತ್ರ ಬೆಟ್ಟವೇ. ಈಗ ಅಲ್ಲಿ ಹಸಿರು ನೀರು ನಿಂತ ಒಂದು ದೊಡ್ಡ ಗುಂಡಿ ಇದೆ. ಸುತ್ತ ಇರುವ ಜಾಲಿ ಗಿಡಗಳ ಮೇಲೆ ಮಳೆಗಾಲದಲ್ಲೂ ಬಿಳಿ ದೂಳು ಕೂತಿರುತ್ತದೆ.

ಅವನ ಅಪ್ಪ ನಮ್ಮ ಮನೆಯಲ್ಲಿ ಆಳಾಗಿದ್ದವರು. ಅವನೂ ಸ್ಕೂಲು ಬಿಟ್ಟು ಏಳೆಂಟು ವರ್ಷ ನಮ್ಮ ದನ ಮೇಯಿಸಿದ. ಬೆಟ್ಟದಲ್ಲಿ ಕ್ವಾರಿ ಶುರುವಾದಾಗ ಸಿಡಿಮದ್ದು ತುಂಬಲು ಕಲ್ಲಿಗೆ ಕುಳಿ ಹೊಡೆಯುವ ಕೂಲಿಗೆ ಸೇರಿಕೊಂಡ. ಆಮೇಲೆ ಒಂದು ಟಿಪ್ಪರ್ ಕೊಂಡ, ಇನ್ನೊಂದು ಕೊಂಡ, ಕೊನೆಗೆ ಕ್ವಾರಿಯನ್ನೇ ಹಿಡಿದ. ನಾನು ಅಷ್ಟರಲ್ಲಿ ಮದುವೆಯಾಗಿ ನಂಜನಗೂಡಿಗೆ ಬಂದಿದ್ದೆ. ದಿನಾ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದೆ. ತವರಿಗೆ ಹೋದಾಗಲೆಲ್ಲ ಬೆಟ್ಟ ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ಆ ಕೈ ಸೇದಿಹೋಗಲಿ ಎಂದು ಅವನಿಗೆ ಶಾಪ ಹಾಕಿ ವಾಪಸ್ಸು ಬಸ್ಸು ಹತ್ತುತ್ತಿದ್ದೆ.

ನಾನು ರಿಟೈರ್ ಆದ ವರ್ಷ, ಒಂದು ಬೆಳಿಗ್ಗೆ, ಅವನು ನಂಜನಗೂಡಿನ ನಮ್ಮ ಮನೆಗೆ ಬಂದ. ಬಿಳಿ ಕಾರು, ಇಸ್ತ್ರಿ ಮಾಡಿದ ಬಿಳಿ ಷರಟು. ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ನಿಂತ. ಒಳಗೆ ಬಾ ಎಂದು ಕರೆದವರು ನಮ್ಮ ಯಜಮಾನರು, ನಾನಲ್ಲ.

"ಮೇಡಂ, ನರಸೀಪುರದಲ್ಲಿ ಮನೆ ಕಟ್ಟಿವ್ನಿ," ಎಂದ. "ನಡುಮನೆ ಗೋಡೆಗೆ ನಮ್ಮೂರ್ ಬೆಟ್ಟ ಒಂದ್ ಬರ್ಕೊಡ್ಬೇಕಲ್ಲ. ಆಯಿಲ್ ಪೇಂಟ್‌ನಲ್ಲಿ. ಸಾಯಂಕಾಲದ ಬೆಟ್ಟ. ಮೊದ್ಲು ಎಂಗಿತ್ತೋ ಅಂಗೇ, ಪೂರ್ತಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಒಡೆದುಹಾಕಿದ್ದನ್ನು ಬರೆಸಿಕೊಳ್ಳೋಕೆ ಬಂದಿದ್ದೀಯಾ? ನಾಚಿಕೆ ಆಗೋದಿಲ್ವೇನೋ ನಿನಗೆ?" ಎಂದೆ. ಯಜಮಾನರು ಕೆಮ್ಮಿದರು. ಅವರು ಕೆಮ್ಮಿದ್ದು ಯಾಕೆ ಎಂದು ನನಗೆ ಗೊತ್ತಿತ್ತು. ಐವತ್ತು ದಾಟಿದ ಮನುಷ್ಯನನ್ನು ಯಾರೂ ಹಾಗೆ ಏಕವಚನದಲ್ಲಿ ಮಾತಾಡಿಸುವುದಿಲ್ಲ. ನನ್ನ ಬಾಯಿಗೆ ಅವನ ವಿಷಯದಲ್ಲಿ ಬೇರೆ ಅಭ್ಯಾಸವಿರಲಿಲ್ಲ.

ಅವನು ಸಿಟ್ಟಾಗಲಿಲ್ಲ. "ಬಯ್ಯಿ ಮೇಡಂ, ಬಯ್ಸ್ಕೋಬೇಕಾದ್ದೇಯ. ಆದ್ರೆ ಬೆಟ್ಟದ ಬುಡದ ಜಮೀನ ಕ್ವಾರಿಗೆ ಬರ್ಕೊಟ್ಟೋರು ನಿಮ್ ದೊಡ್ಡಪ್ಪಾರು. ನಾನಾಗ ಕುಳಿ ಒಡಿಯೋ ಕೂಲಿ. ಅವ್ರಿಗೂ ಒಂದ್ ಮಾತು ಬಯ್ದಿದ್ರಾ?" ಎಂದ.

ಬೈದಿರಲಿಲ್ಲ. ದೊಡ್ಡಪ್ಪನವರ ಮುಂದೆ ತಲೆಯೆತ್ತಿ ಮಾತಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಅವನ ಬಾಯಲ್ಲಿ ಕೇಳಿದಾಗ ನನ್ನ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. "ಫೋಟೋ ಕೊಟ್ಟು ಯಾರಾದರೂ ಬೋರ್ಡ್ ಬರೆಯುವವರ ಹತ್ತಿರ ಬರೆಸಿಕೋ," ಎಂದೆ.

"ಊರೆಲ್ಲಾ ಕೇಳ್ಬುಟ್ಟೆ. ಮದ್ವೆ ಫೋಟೋ ಅವೆ, ನಾಮಕರಣದ್ದವೆ, ಎಲ್ಲದ್ರಲ್ಲೂ ಮನ್ಸರೇ ನಿಂತವ್ರೆ. ಬೆಟ್ಟನ ಯಾರೂ ತೆಗ್ದಿಲ್ಲ. ಅದೇ ಊರಲ್ಲಿ ಉಟ್ಟಿ ಚಿತ್ರ ಕಲ್ತೋರು ನೀವೊಬ್ರೇ."

ಆಗ ನನಗೆ ಒಂದು ಯೋಚನೆ ಬಂತು, ಕೆಟ್ಟ ಯೋಚನೆಯೇ. ಬರೆದುಕೊಡೋಣ. ಎಷ್ಟು ಚೆನ್ನಾಗಿ ಬರೆಯಬೇಕೆಂದರೆ ಇವನು ಊಟಕ್ಕೆ ಕೂತರೂ ಟೀವಿ ನೋಡಿದರೂ ಆ ಬೆಟ್ಟ ಇವನ ಮುಂದೆ ನಿಂತಿರಬೇಕು. ಮನೆಗೆ ಬಂದವರೆಲ್ಲ ಇದು ಯಾವ ಬೆಟ್ಟ ಎಂದು ಕೇಳಬೇಕು, ಈಗ ಎಲ್ಲಿದೆ ಎಂದು ಕೇಳಬೇಕು, ಇವನು ತಲೆ ತಗ್ಗಿಸಬೇಕು. ನನ್ನ ಊರಿನ ಬೆಟ್ಟವನ್ನು ನಾನು ವಾಪಸ್ಸು ನಿಲ್ಲಿಸಬಲ್ಲೆ, ಇವನಿಂದ ಆಗುವುದಿಲ್ಲ. ಆಗಲಿ ಎಂದೆ. ಅವನು ದುಡ್ಡಿನ ಮಾತು ತೆಗೆದಾಗ ಬಾಯಿ ಮುಚ್ಚಿಸಿ ಕಳಿಸಿದೆ.

ಬಡಗಿಯ ಹತ್ತಿರ ಆರಡಿ ನಾಲ್ಕಡಿಯ ಚೌಕಟ್ಟು ಮಾಡಿಸಿ ಕ್ಯಾನ್ವಾಸು ಬಿಗಿದದ್ದಾಯಿತು. ಬಣ್ಣದ ಟ್ಯೂಬುಗಳಿಗೆ ಮೈಸೂರಿಗೆ ಹೋಗಿಬಂದೆ. ಮನೆಯ ಮುಂದಿನ ರೂಮು ಖಾಲಿ ಮಾಡಿಸಿದೆ. ಟರ್ಪೆಂಟೈನ್ ವಾಸನೆಗೆ ಯಜಮಾನರು ಎರಡನೇ ದಿನವೇ ಜಗಲಿಗೆ ಹೊರಟರು. "ನಿನ್ನ ಬೆಟ್ಟ ಮುಗಿಯೋವರೆಗೂ ನನಗೆ ಇಲ್ಲೇ ಕಾಫಿ ಕೊಡು," ಎಂದರು. ಬಣ್ಣ ಕಲಸುವ ಪ್ಯಾಲೆಟ್ಟಿಗೆ ನಾನು ಹಳೇ ಕಿಟಕಿಯ ಗಾಜು ಇಟ್ಟುಕೊಳ್ಳುತ್ತೇನೆ. ಮರದ್ದು ಎಣ್ಣೆ ಕುಡಿಯುತ್ತದೆ, ಗಾಜು ಕುಡಿಯುವುದಿಲ್ಲ, ಬ್ಲೇಡಿನಲ್ಲಿ ಕೆರೆದರೆ ಮಾರನೇ ದಿನಕ್ಕೆ ಹೊಸದು.

ಸಂಜೆಯ ಬಣ್ಣ ಕಲಸುವುದು ಸುಲಭವಲ್ಲ. ಮಕ್ಕಳಿಗೆ ಹೇಳಿಕೊಡುವಾಗ ಕೇಸರಿ ಹಚ್ಚಿ, ಮೇಲೆ ಕೆಂಪು ಹಚ್ಚಿ ಎಂದುಬಿಡುತ್ತಿದ್ದೆವು. ಎಣ್ಣೆಬಣ್ಣದಲ್ಲಿ ಹಾಗೆ ಮಾಡಿದರೆ ಗೋಡೆಗೆ ಬೆಂಕಿ ಬಿದ್ದಂತೆ ಕಾಣುತ್ತದೆ. ಮುಸ್ಸಂಜೆಯ ಬೆಳಕು ತೋರಿಸಬೇಕಾದರೆ ಬೆಳಕನ್ನು ಮುಟ್ಟಬಾರದು, ಅದರ ಪಕ್ಕದ ಕತ್ತಲನ್ನು ಸರಿಮಾಡಬೇಕು. ಕಪ್ಪು ಟ್ಯೂಬನ್ನು ನಾನು ಮನೆಗೇ ತರುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಸುಟ್ಟ ಅಂಬರ್ ಕಂದು ಬೆರೆಸಿದರೆ ಟ್ಯೂಬಿನ ಕಪ್ಪಿಗಿಂತ ಒಳ್ಳೆಯ ಕಪ್ಪು ಬರುತ್ತದೆ, ಅದರೊಳಗೆ ಉಸಿರಾಟ ಇರುತ್ತದೆ. ಬಿಳಿ ಜಾಸ್ತಿ ಬಿತ್ತೋ, ಎಲ್ಲ ಬಣ್ಣವೂ ಸುಣ್ಣದಂತಾಗಿ ಸಂಜೆ ಹೋಗಿ ಮಧ್ಯಾಹ್ನವಾಗುತ್ತದೆ. ಕೇಸರಿಯೂ ನೀಲಿಯೂ ಒಂದಕ್ಕೊಂದು ತಗುಲಿದರೆ ಕೊಚ್ಚೆ. ಇದೆಲ್ಲ ನನಗೆ ಗೊತ್ತು. ಗೊತ್ತಿರುವುದನ್ನು ತೋರಿಸಲು ಬದುಕಿನಲ್ಲಿ ಒಂದು ಸಲವೂ ದೊಡ್ಡ ಕ್ಯಾನ್ವಾಸು ಸಿಕ್ಕಿರಲಿಲ್ಲ. ಸ್ಕೂಲಿನಲ್ಲಿ ವಾರ್ಷಿಕೋತ್ಸವದ ಪರದೆ, ರಿಪಬ್ಲಿಕ್ ಡೇಗೆ ಥರ್ಮಾಕೋಲು, ಇಷ್ಟರಲ್ಲೇ ಕಳೆಯಿತು.

ಮೊದಲ ವಾರ ಆಕಾಶ ಮುಗಿಸಿದೆ. ಮೇಲೆ ನೀಲಿ, ಕೆಳಕ್ಕೆ ಬರುತ್ತಾ ನೇರಳೆ, ಅದರ ಕೆಳಗೆ ತಿಳಿ ಕೆಂಪು, ಬೆಟ್ಟದ ಅಂಚಿಗೆ ಬಂಗಾರದ ಹಳದಿ. ನನಗೇ ಹೆಮ್ಮೆಯಾಯಿತು. ಎರಡನೇ ವಾರ ಬೆಟ್ಟದ ಗೆರೆ ಎಳೆಯಲು ಇದ್ದಿಲ ಕಡ್ಡಿ ತೆಗೆದುಕೊಂಡೆ. ಕೈ ತಾನೇ ತಾನಾಗಿ ಎಳೆಯಿತು. ಹಿಂದೆ ಸರಿದು ನೋಡುತ್ತೇನೆ, ಎರಡು ಮೊನಚು ಶಿಖರ, ನಡುವೆ ಅರ್ಧ ಸೂರ್ಯನಿಗೆ ಜಾಗ! ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅದೇ ಬೆಟ್ಟ. ಇನ್ನು ಒಂದು ತೆಂಗಿನ ಮರ ಮತ್ತು ನಾಲ್ಕು ಹಕ್ಕಿ ಹಾಕಿದ್ದರೆ ಎಂಟನೇ ಕ್ಲಾಸಿನವರು ಹತ್ತಕ್ಕೆ ಹತ್ತು ತೆಗೆದುಕೊಳ್ಳುತ್ತಿದ್ದರು. ಥೂ ಎಂದು ಒರೆಸಿದೆ.

ಮತ್ತೆ ಎಳೆದೆ. ದುಂಡಗೆ ಬಂತು. ಅದೂ ಅಲ್ಲ ಅನ್ನಿಸಿತು. ಅಗಲ ಮಾಡಿದೆ, ತಗ್ಗಿಸಿದೆ, ಎತ್ತರಿಸಿದೆ. ಯಾವುದೂ ಅಲ್ಲ ಎಂದು ಗೊತ್ತಾಗುತ್ತಿತ್ತೇ ಹೊರತು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನಮ್ಮ ಹಿತ್ತಿಲು ಕಾಣುತ್ತಿತ್ತು, ಬಟ್ಟೆ ಒಣಹಾಕುವ ತಂತಿ, ಒಗೆಯುವ ಕಲ್ಲು, ಹುಲ್ಲಿನ ಮೆದೆ. ಮೆದೆಯ ಹಿಂದೆ ಏನೋ ಒಂದು ದಪ್ಪಗೆ ಇತ್ತು. ಅಷ್ಟೇ. ಊರಿನಲ್ಲೇ ಇರುವ ನಮ್ಮಣ್ಣನಿಗೆ ಫೋನು ಮಾಡಿ ಬೆಟ್ಟ ಹೇಗಿತ್ತು ಎಂದು ಕೇಳಿದೆ. "ಬೆಟ್ಟ ಬೆಟ್ಟದಂಗಿತ್ತು ಕಣಮ್ಮಿ. ಏನ್ ಈಗ ಅದ್ರು ಸುದ್ದಿ?" ಎಂದ. ಒಂದು ದಿನ ಬಸ್ಸು ಹಿಡಿದು ಊರಿಗೇ ಹೋಗಿ ಗುಂಡಿಯ ಏರಿ ಮೇಲೆ ನಿಂತೂ ಬಂದೆ. ಇಲ್ಲದ್ದನ್ನು ಎಷ್ಟು ಹೊತ್ತು ನೋಡುವುದು? ಬಿಸಿಲಿಗೆ ತಲೆನೋವು ಬಂದದ್ದೇ ಲಾಭ.

ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆ. ಅಷ್ಟು ವರ್ಷ ಆ ಬೆಟ್ಟದ ಹೆಸರಿನಲ್ಲಿ ಅವನಿಗೆ ಶಾಪ ಹಾಕಿದವಳು, ಅದರ ಗೆರೆ ಬರುವುದಿಲ್ಲ ಎಂದರೆ ಜನ ನಗುವುದಿಲ್ಲವೇ? ಹಟಕ್ಕೆ ಬಿದ್ದು ಒಂದು ಆಕಾರ ಗಟ್ಟಿ ಮಾಡಿ, ನೀಲಿ, ಕ್ರಿಮ್ಸನ್ ಕೆಂಪು, ಒಂಚೂರು ಬಿಳಿ ಬೆರೆಸಿ ಒಳ್ಳೆಯ ನೇರಳೆ ಮಾಡಿಕೊಂಡು ಬೆಟ್ಟಕ್ಕೆ ತುಂಬಿದೆ. ಚೆಂದವಾಗಿಯೇ ಬಂತು. ಕ್ಯಾಲೆಂಡರಿನಲ್ಲಿ ಹಾಕಬಹುದಿತ್ತು. ಇವನಿಗೆ ಏನು ಗೊತ್ತಾಗುತ್ತದೆ, ಕಲ್ಲು ಒಡೆಯುವವನಿಗೆ, ಎಂದು ನನಗೆ ನಾನೇ ಹೇಳಿಕೊಂಡೆ.

ಬಣ್ಣ ಇನ್ನೂ ಹಸಿಯಿದ್ದಾಗ, ಒಂದು ಸಂಜೆ, ಅವನು ಹೇಳದೆ ಕೇಳದೆ ಬಂದ. ಯಜಮಾನರು ಜಗಲಿಯಿಂದಲೇ ಒಳಗೆ ಕಳಿಸಿದರು. ಕ್ಯಾನ್ವಾಸಿನ ಮುಂದೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದ. ನಾನು ಕುಂಚ ತೊಳೆಯುವ ನೆಪದಲ್ಲಿ ಅವನ ಮುಖವನ್ನೇ ನೋಡುತ್ತಿದ್ದೆ. ಈಗ ಕಣ್ಣು ತುಂಬುತ್ತದೆ, ಈಗ ತಲೆ ತಗ್ಗುತ್ತದೆ ಎಂದು ಕಾಯುತ್ತಿದ್ದೆ.

"ಬೊ ಚೆಂದಾಗದೆ ಮೇಡಂ," ಎಂದ. "ಆದ್ರೆ ನಮ್ ಬೆಟ್ಟ ಅಲ್ಲ ಇದು."

"ಅಲ್ವಾ? ಮತ್ತೆ ಯಾರ ಬೆಟ್ಟ? ನಿನ್ನ ಮಾವನ ಮನೆಯದಾ?"

"ಊಟಿ ಕಡೇದು ಇದ್ದಂಗದೆ."

ನನಗೆ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದಂತೆ ಬೈದೆ. ಡೈನಮೈಟಿಟ್ಟು ಉಡಾಯಿಸಿದವನು ನನಗೆ ಬೆಟ್ಟ ತೋರಿಸಲು ಬಂದೆಯಾ ಎಂದೆ. ದನ ಕಾಯುತ್ತಿದ್ದವನು ಎಂಬ ಮಾತೂ ಬಾಯಿಂದ ಬಂತು. ಬಂದಮೇಲೆ ತಡೆಯಬೇಕಿತ್ತು ಅನ್ನಿಸಿತು, ಆದರೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ಅವನು ಮುಂದೆ ಬಂದು, ಹೆಬ್ಬೆರಳು ಇಟ್ಟು, ನನ್ನ ಹಸಿ ಬೆಟ್ಟದ ಎಡಭುಜವನ್ನು ಸರ್ರನೆ ಕೆಳಕ್ಕೆ ಒರೆಸಿಬಿಟ್ಟ!

"ಏಯ್!" ಎಂದು ಕಿರುಚಿದೆ. ಯಜಮಾನರು ಜಗಲಿಯಿಂದ ಓಡಿಬಂದರು.

"ಇಲ್ಲಿ ಇಳೀಬೇಕು," ಎಂದ ಅವನು, ಯಾರನ್ನೂ ನೋಡದೆ. "ಈ ಕಡಿಂದ ಎಮ್ಮೆ ಮನಗ್ದಂಗೆ ಬರ್ಬೇಕು. ಇಲ್ಲೊಂದು ಬಂಡೆ, ಅದ್ರು ಪಕ್ಕ ಇನ್ನೊಂದು. ಎರಡುಕ್ಕೂ ಮಧ್ಯ ಸಂದು. ಆಮ್ಯಾಕೆ ಈ ಕಡೆ ಅಂಗೇ ನೆಟ್ಟಗೆ ಕಡ್ದಂಗೆ." ಹೆಬ್ಬೆರಳು ಓಡುತ್ತಲೇ ಇತ್ತು. ನೇರಳೆ ಬಣ್ಣ ಅವನ ಬಿಳಿ ಷರಟಿನ ತೋಳಿಗೂ ಹತ್ತಿತು. ನಾನು ಕೈ ಹಿಡಿದು ತಳ್ಳಬೇಕಿತ್ತು. ತಳ್ಳಲಿಲ್ಲ, ಯಾಕೆಂದರೆ ಆ ಕೊಳಕು ಗೆರೆಯನ್ನು ನೋಡುತ್ತಿದ್ದ ಹಾಗೆ ನನಗೆ ಗುರುತು ಸಿಕ್ಕಿತು. ಅದೇ. ಮೆದೆಯ ಹಿಂದೆ ಇದ್ದದ್ದು ಅದೇ.

"ಬಣ್ಣಾನೂ ಇದಲ್ಲ," ಎಂದ.

"ಇನ್ನೇನು?" ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು.

"ಬೆನ್ನಿಂದೆ ಸೂರ್ಯ ಇದ್ರೆ ಬೆಟ್ಟ ನ್ಯಾರಳೆ ಎಲ್ ಆದದು ಮೇಡಂ? ಮುದ್ದೆ ಬಣ್ಣ ಇರ್ತಿತ್ತು. ಬಿಸಿ ಮುದ್ದೆ. ಆಕಾಸಾನೂ ಬಂಗಾರ ಅಲ್ಲ, ಬಾಳೆಕಾಯಿ ಅಣ್ಣಾಯ್ತಾ ಇರ್ತದಲ್ಲ, ಅಂಗೆ, ಒಸಿ ಅಸ್ರು ಸೇರ್ಕಂಡಂಗೆ."

ಅವನು ಹೇಳಿದ್ದು ಸರಿ. ಬಣ್ಣ ಕಲಿತ ಯಾರಿಗಾದರೂ ಅದು ಸರಿ ಎಂದು ತಿಳಿಯಬೇಕು. ಬೆಳಕಿಗೆ ಬೆನ್ನು ಕೊಟ್ಟ ಹತ್ತಿರದ ಗುಡ್ಡ ನೇರಳೆಯಾಗುವುದಿಲ್ಲ, ದೂರದ ಬೆಟ್ಟ ಆಗುತ್ತದೆ. ಮುಳುಗಿದ ಸೂರ್ಯನ ಮೇಲಿನ ಹಳದಿಗೆ ನೀಲಿ ಸೋಕಿದರೆ ಹಸಿರೇ ಬರುತ್ತದೆ. ಪಾಠದಲ್ಲಿ ಇದನ್ನು ಹೇಳಿಕೊಟ್ಟವಳು ನಾನು. ಗಾಜಿನ ಮೇಲೆ ನೀಲಿ, ಕಂದು ಹಾಕಿ ಚಾಕುವಿನಲ್ಲಿ ತಿಕ್ಕಿದೆ. ಓಕರ್ ಹಳದಿ ಒಂದು ಕಡಲೆಕಾಳಿನಷ್ಟು ಸೇರಿಸಿದೆ. ಅವನು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ. ಇನ್ನೊಸಿ ಕೆಂಪು ಎಂದ. ಹಾಕಿದೆ. ಮುದ್ದೆಯ ಬಣ್ಣ ಬಂತು. ಅದು ಬಂದದ್ದಕ್ಕೆ ಸಂತೋಷವಾಗಲಿಲ್ಲ. ನನಗೆ ಬರಬೇಕಾದದ್ದು ಅವನಿಗೆ ಬಂತಲ್ಲ ಎಂಬ ಹೊಟ್ಟೆಕಿಚ್ಚೇ ಆಯಿತು.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು? ಒಡೆಯುವಾಗ ನೋಡಿ ನೋಡಿ ಒಡೆದೆಯಾ?" ಎಂದೆ.

"ಒಡಿಯಾಗ ಕಲ್ ಕಾಣ್ತದೆ ಮೇಡಂ, ಬೆಟ್ಟ ಕಾಣಕಿಲ್ಲ. ಇದು ಅದ್ಕೂ ಮೊದ್ಲು ನೋಡಿದ್ದು." ಬಣ್ಣದ ಹೆಬ್ಬೆರಳನ್ನು ಕುಂಚ ಒರೆಸುವ ಹಳೇ ಬಟ್ಟೆಗೆ ಒರೆಸಿಕೊಳ್ಳುತ್ತಾ ಹೇಳಿದ. "ದನ ಕಟ್ಟಾಕಿ ನಿಮ್ಮಿತ್ಲಲ್ಲಿ ಕುಂತಿರ್ತಿದ್ನಲ್ಲ. ನೀವು ಇತ್ಲ ಬಾಗ್ಲು ಆಕ್ಕತ್ತಿದ್ರಿ. ತಿರ್ಗಾ ತೆಗ್ದು ಉಣ್ಣಕ್ಕೆ ಇಕ್ಕೋ ಗಂಟ ಅಲ್ಲೇ ಕುಂತಿರ್ಬೇಕು. ಮುಂಬಾಗ್ಲಿಗೆ ನಾವು ಬರಂಗಿರ್ನಿಲ್ಲ. ಎದ್ರುಗೆ ಬೆಟ್ಟ. ಇನ್ನೇನ್ ನೋಡ್ಲಿ, ನೀವೇ ಯೋಳಿ."

ಯಜಮಾನರು ಮೆಲ್ಲಗೆ ಹೊರಗೆ ಹೋದರು.

ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ ಅದು. ಸಂಜೆ ದೀಪ ಹಚ್ಚುವ ಮುಂಚೆ ಹಿತ್ತಿಲ ಬಾಗಿಲು ಹಾಕಬೇಕು, ಮುಂಬಾಗಿಲು ತೆರೆಯಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದು. ನಮ್ಮ ಮನೆಯಲ್ಲಿ ಆ ಕೆಲಸ ಹೆಣ್ಣುಮಗಳದು, ಎಂದರೆ ನನ್ನದು. ಹತ್ತು ವರ್ಷದವಳಿದ್ದಾಗಿನಿಂದ ಮದುವೆಯಾಗುವವರೆಗೆ, ಬೆಟ್ಟದ ಹಿಂದಕ್ಕೆ ಸೂರ್ಯ ಜಾರುವ ಹೊತ್ತಿಗೆ ಸರಿಯಾಗಿ, ನಾನು ಆ ಬಾಗಿಲು ಎಳೆದು ಚಿಲಕ ಹಾಕುತ್ತಿದ್ದೆ. ಆಮೇಲೆ ಮುಂದಕ್ಕೆ ಓಡಿಹೋಗಿ ಮೂಡಲಿಗೆ ಮುಖ ಮಾಡಿ ಹೊಸಿಲ ಮೇಲೆ ದೀಪ ಇಡುತ್ತಿದ್ದೆ. ಸಂಜೆಯ ಬೆಟ್ಟವನ್ನು ನಾನು ಮರೆತಿರಲಿಲ್ಲ. ಒಂದು ದಿನವೂ ನೋಡಿಯೇ ಇರಲಿಲ್ಲ.

"ಬಾಗಿಲು ತಟ್ಟಬಹುದಿತ್ತಲ್ಲ," ಎಂದೆ. ಸಿಟ್ಟಿನಲ್ಲೇ ಅಂದೆ. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಿರಲಿಲ್ಲ.

ಅವನು ಜೋರಾಗಿ ನಕ್ಕ. ಅವತ್ತು ನಕ್ಕದ್ದು ಅದೊಂದೇ ಸಲ. "ಲಕ್ಷ್ಮಿ ಬರೋ ಒತ್ನಲ್ಲಿ ನಾನ್ ಓಗಿ ತಟ್ಟದಾ ಮೇಡಂ?" ಎಂದ. ಆಮೇಲೆ ಆ ಎರಡು ಬಂಡೆಗಳ ಸಂದಿಗೆ ಬೆರಳು ತೋರಿಸಿ, "ಎಲ್ಲಾ ಕಪ್ಪಾದ್ ಮ್ಯಾಕೂ ಈ ಸಂದೀಲಿ ಒಂದ್ ಗೀಟು ಬೆಳಕು ಬರದು. ಒಸಿ ಒತ್ತೇಯ. ಸೀದಾ ಬಂದು ನಿಮ್ಮಿತ್ಲ ಬಾಗ್ಲು ಮ್ಯಾಲೆ ಬೀಳದು. ಆಕಿದ್ ಬಾಗ್ಲು ಎಂಗ್ ಪಳಪಳ ಒಳೆಯದು ಅಂತೀರಿ! ಆ ಬೆಳಕೋದ್ ಮ್ಯಾಕೆ ಇನ್ನೇನ್ ತೆಗೀತಾರೆ ಅಂತ ಗೊತ್ತಾಗದು ನಂಗೆ," ಎಂದ.

ಆ ಬೆಳಕಿಗೆ ಬಣ್ಣ ಕಲಸಲು ಕೂತೆ. ಅವನು ನಿಂತೇ ಇದ್ದ. ಕೂತುಕೊಳ್ಳಿ ಎಂದೆ. ನನ್ನ ಬಾಯಿಂದ ಆ ಬಹುವಚನ ಬಂದದ್ದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ, ಕೂರಲಿಲ್ಲ. ಕೇಸರಿಗೆ ಹಳದಿ ಬೆರೆಸಿ ಚಾಕುವಿನ ತುದಿಯಲ್ಲಿ ಎತ್ತಿ ತೋರಿಸಿದೆ. ಜಾಸ್ತಿ ಆಯ್ತು ಎಂದ. ಕಂದು ಸೋಕಿಸಿ ಮಂಕು ಮಾಡಿದೆ. ಅಲ್ಲ ಎಂದ. ಐದು ಸಲ ಕೆರೆದು ಐದು ಸಲ ಕಲಸಿದೆ. ಆರನೆಯದಕ್ಕೆ ಅವನು ಬಗ್ಗಿ ಚಾಕುವಿನ ತುದಿಯ ಹತ್ತಿರಕ್ಕೇ ಮುಖ ತಂದ. ಅದೇ ಬಣ್ಣ ಎಂದು ತಿಳಿಯಿತು. ಸಣ್ಣ ಕುಂಚದಲ್ಲಿ ಸಂದಿಗೆ ಒಂದು ಗೀಟು ಎಳೆದೆ.

ಬೆಳಕು ಬಂದಮೇಲೆ ಅದು ಬೀಳುವ ಜಾಗವೂ ಬೇಕಲ್ಲ. ಕ್ಯಾನ್ವಾಸಿನ ಕೆಳಗಡೆ, ಮೂಲೆಯಲ್ಲಿ, ಕಂದು ಬಣ್ಣದಲ್ಲಿ ಬಾಗಿಲಿನ ಒಂದು ನಿಲುವುಗಂಬ ಎಳೆದೆ. ಇನ್ನೊಂದು ಎಳೆಯುವಷ್ಟರಲ್ಲಿ ಅವನು ನನ್ನ ಕುಂಚಕ್ಕೆ ಅಡ್ಡ ಕೈ ಹಿಡಿದ.

"ಬ್ಯಾಡಿ ಮೇಡಂ, ಅದ್ನ ಬರೀಬ್ಯಾಡಿ. ಬೆಟ್ಟ ಒಂದೇ ಸಾಕು. ಅದ್ನ ಒಡ್ದೋನು ನಾನೇಯ, ಯಾರ್ ಕೇಳಿದ್ರೂ ಒಪ್ಕತ್ತೀನಿ. ಈ ಆಕಿದ್ ಬಾಗ್ಲು ಯಾರ್ದು ಅಂತ ಮೊಮ್ಮಕ್ಳು ಕೇಳಿದ್ರೆ, ನಿಮ್ ಎಸ್ರು ಯೋಳೋಕೆ ನಂಗೆ ಬಾಯ್ ಬರಕಿಲ್ಲ."